ತಗ್ಗಿನ ಹೊಲದ ಗಿರಾಕಿ

ಪ್ರೀತಿಯ ಅಣ್ಣ,

ತಗ್ಗಿನ ಹೊಲ ಕೊಳ್ಳಲು ನೀನು ಕಳಿಸಿದ ಗಿರಾಕಿ ಬಂದಿದ್ದರು. ಸುಳ್ಳು ಹೇಳಬೇಡ ಎಂದು ಬರೆದಿದ್ದೆಯಲ್ಲ, ನಿಜವನ್ನೇ ಹೇಳಿದೆ: ಮಳೆಗಾಲದಲ್ಲಿ ಮೊಣಕಾಲವರೆಗೆ ನೀರು, ಬೇಸಿಗೆಯಲ್ಲಿ ಚಪ್ಪಲಿ ನುಂಗುವ ಬಿರುಕು. "ಅಯ್ಯೋ, ಬೇಡ ತಾಯಿ!" ಎಂದು ಕಾರು ಹತ್ತಿದರು. ನಡುವೆ ಚಳಿಗಾಲವೂ ಒಂದಿದೆ, ಉಳಿದ ತೇವದಲ್ಲೇ ನಮ್ಮ ಕಡಲೆ ಬೆಳೆಯುತ್ತದೆ ಎಂಬುದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಇನ್ನೊಬ್ಬರನ್ನು ಕಳಿಸಿದರೂ ಇದೇ ಉಪಚಾರ. ಮಾರಾಟದ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ ಅಂತಾರೆ. ನನಗೆ ಸದ್ಯ ಎರಡೂ ಇವೆ.

"ಅವನಿಗೂ ಒಂದು ಚೀಲ ಎತ್ತಿಡೇ" ಅಂದಳು ಅಮ್ಮ. "ಬಂದು ಗಿಡ ಕಿತ್ತರೆ ಕೊಡೋಣ" ಅಂದೆ. ಬಾ. ಗಿಡದ ಹುಳಿಗೆ ನಿನ್ನ ಮೆತ್ತನೆಯ ಕೈ ಉರಿದೀತು, ಕೈಗವಸು ತಾ. ಪೆನ್ನು ಅಲ್ಲೇ ಬಿಟ್ಟು ಬಾ.

ಇಂತಿ,
ಇಲ್ಲಿಯೂ ಸಹಿ ಹಾಕದ ನಿನ್ನ ತಂಗಿ