ಮನೆದೇವರು ಕೇಳುವ ದಾದಿ

ಮಧುಗಿರಿ
18 ನವೆಂಬರ್ 2025

ಮಾನಸಾ,

ನಿನ್ನ ಚಿಕ್ಕಮ್ಮನ ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಇಲ್ಲಿ ನಾನೂ ನಿನ್ನ ಚಿಕ್ಕಪ್ಪನೂ ಚೆನ್ನಾಗಿದ್ದೇವೆ. ನೀನು ನಿರ್ದೇಶಿಸಿದ ಸಿನಿಮಾ ಬಂದು ಮೂರು ವಾರವಾಯಿತು. ‘ಹೇಗಿತ್ತು ಚಿಕ್ಕಮ್ಮಾ?’ ಎಂದು ನೀನು ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ನಾನು ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಟ್ಟೆ. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು ಏನು ಮುಚ್ಚಿಡುತ್ತಿದ್ದೀಯ ಎಂದು ನಿನ್ನ ದನಿಯಲ್ಲಿ ಹುಡುಕುತ್ತ ಕೂರುತ್ತೇನೆ. ಅದಕ್ಕೇ ಕಾಗದ.

ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ನಿನ್ನ ಸಿನಿಮಾದ ಆ ದಾದಿ ನಾನೇ ತಾನೆ? ನನ್ನ ವಿಷಯ ನಿನಗೆ ಯಾರು ಏನು ಹೇಳಿದರು?

ನಿನ್ನ ‘ನೆತ್ತರ ಪಡಿ’ಯನ್ನು ನಾವು ಶಿರಾಕ್ಕೆ ಹೋಗಿ ನೋಡಿದೆವು. ಐವತ್ತು ವರ್ಷ ಮುಂದಿನ ಊರು, ಬಿಸಿಲೇ ಬೀಳದ ಊರು, ರಕ್ತ ಕುಡಿಯುವವರದೇ ಸರ್ಕಾರ, ಮನೆಗಿಷ್ಟು ರಕ್ತ ಎಂದು ಕಾರ್ಡು. ನಮ್ಮ ಹಿಂದೆ ಕೂತಿದ್ದ ಕಡಲೆಕಾಯಿ ಮಂಡಿಯವನೊಬ್ಬ ಅರ್ಧ ಗಂಟೆ ಸಹಿಸಿಕೊಂಡು, ಪಕ್ಕದವನಿಗೆ, “ಲೇ, ದೆವ್ವ ಅಂದ್ಮೇಲೆ ಹೆದ್ರುಸ್ಬೇಕು ಕಣ್ಲಾ. ಇವ್ರೇನ್ಲಾ ರೇಷನ್ ಅಂಗ್ಡಿ ತೋರುಸ್ತಾವ್ರೆ!” ಎಂದ. ನಿನ್ನ ಚಿಕ್ಕಪ್ಪ ಇಂಟರ್‌ವಲ್ಲಿನವರೆಗೆ ನಿದ್ದೆ ಮಾಡಿದರು, ಆಮೇಲೆ ಎದ್ದು ಫೋಟೋಗ್ರಫಿ ಚೆನ್ನಾಗಿದೆ ಎಂದರು. ಮೊಬೈಲಿನಲ್ಲಿ ಯಾರೋ ಐದಕ್ಕೆ ಎರಡೂವರೆ ಸ್ಟಾರ್ ಕೊಟ್ಟಿದ್ದಾರಂತೆ. ಇದನ್ನೆಲ್ಲ ನೀನು ಆಗಲೇ ಓದಿರುತ್ತೀಯ.

ಆದರೆ ಪಕ್ಕದ ಮನೆಯ ಅನುಷಾ, ಕಾಲೇಜಿಗೆ ಹೋಗುವ ಹುಡುಗಿ, ಎರಡು ಸಲ ನೋಡಿ ಬಂದು ನನ್ನ ಅಡುಗೆಮನೆಯಲ್ಲೇ ತೀರ್ಪು ಕೊಟ್ಟಳು. “ಆಂಟಿ, ಇದು ದೆವ್ವದ್ ಸಿನ್ಮಾ ಅಲ್ಲ, ಆ ದಾದಿ ಸಿನ್ಮಾ. ದೆವ್ವಗಳ್ನಾದ್ರೂ ಕ್ಷಮಿಸ್ಬೋದು, ಹಸಿವು ಅವುಕ್ಕೆ. ಈಯಮ್ಮ ಮನೆಮನೆಗೂ ಹೋಗಿ ಎಲ್ರ ಹತ್ರ ತಗೊಂಡ್ಳು, ತಾನು ಒಂದ್ ಹನಿ ಕೊಡ್ಲಿಲ್ಲ” ಎಂದಳು. ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಹಾಗಾಗಿ ಕಣ್ಣೀರಿಗೆ ಕಾರಣ ಹೇಳಬೇಕಾಗಲಿಲ್ಲ.

ಸೂಜಿ ಚುಚ್ಚುವ ಮುಂಚೆ ‘ನಿಮ್ಮನೆ ದೇವ್ರು ಯಾವ್ದು ತಾಯಿ?’ ಎಂದು ಕೇಳುವುದು ಈ ತಾಲ್ಲೂಕಿನ ನರ್ಸುಗಳಲ್ಲೆಲ್ಲ ನಾನೊಬ್ಬಳೇ. ಮನೆದೇವರ ಹೆಸರು ಕೇಳಿದರೆ ನಮ್ಮ ಜನ ಎಂಥ ನೋವಿನಲ್ಲೂ ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ಅಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತದೆ. ನಿನಗೂ ಹಾಗೇ ಎಷ್ಟು ಇಂಜೆಕ್ಷನ್ ಕೊಟ್ಟಿದ್ದೇನೆ. ಆ ಮಾತನ್ನು ನಿನ್ನ ದಾದಿಯ ಬಾಯಲ್ಲಿ ಕೇಳಿದಾಗ ಮೊದಲು ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅವಳು ಮಾಡಿದ ಕೆಲಸ ನೋಡಿ ಆ ಹೆಮ್ಮೆ ಉಳಿಯಲಿಲ್ಲ.

ಮೊನ್ನೆ ಭಾನುವಾರ ಮಿಡಿಗೇಶಿಯಲ್ಲಿ ರಕ್ತದಾನ ಶಿಬಿರವಿತ್ತು. ಮೂರು ವರ್ಷದಿಂದ ತಪ್ಪದೆ ರಕ್ತ ಕೊಡುವ ಚಿಕ್ಕಹನುಮಕ್ಕ ಕೈ ಚಾಚಿ ಮಲಗಿದ್ದಳು. ಅಭ್ಯಾಸಬಲ ನೋಡು, ಅದೇ ಪ್ರಶ್ನೆ ಬಾಯಿಂದ ಬಂದೇಬಿಟ್ಟಿತು. ಅವಳು ಕೈ ಎಳೆದುಕೊಂಡು ಎದ್ದು ಕೂತಳು. “ಅಯ್ಯೋ, ಬ್ಯಾಡ ಕಣಮ್ಮೋ! ಆ ಸಿನ್ಮಾದಾಗೂ ಇಂಗೇ ಮನೆದ್ಯಾವ್ರು ಕೇಳ್ಬುಟ್ಟು ರಕ್ತ ಈರುಸ್ತಾಳಂತಲ್ಲ!” ಶಿಬಿರವೆಲ್ಲ ನಕ್ಕಿತು, ನಾನೂ ನಕ್ಕೆ. ಅವಳು ಮತ್ತೆ ಮಲಗಿ, ಸುಮ್ಮನೆ ಮಾತಿಗೆಂದು, “ಅದ್ಸರಿ, ನೀನ್ ಎಷ್ಟ್ ಸಲ ಕೊಟ್ಟಿದ್ದೀಯವ್ವ?” ಎಂದಳು. ನನಗೆ ಬಿಪಿ ಇದೆ ಎಂದೆ. ನನಗೆ ಬಿಪಿ ಇಲ್ಲ ಎಂದು ನಿನಗೆ ಗೊತ್ತು.

ಶಿಬಿರ ಮುಗಿದದ್ದೇ ಅದೇ ಊರಿನ ದಾಸಮ್ಮನ ಮನೆಗೆ ಹೋದೆ. ನಿಮ್ಮಮ್ಮ ನಿನ್ನನ್ನು ಹೆತ್ತು ತೀರಿಕೊಂಡ ನರ್ಸಿಂಗ್ ಹೋಮಿನಲ್ಲಿ ಇವಳು ಆಯಾ, ನಾನು ಹೊಸ ನರ್ಸು. ಕಾಫಿಯನ್ನೂ ಕುಡಿಯದೆ, “ಮಾನಸ ನಿನ್ನ ಹತ್ರ ಏನಾದ್ರೂ ಕೇಳಿದ್ಲಾ?” ಎಂದೆ. “ವೋದ್ ಯುಗಾದೀಲಿ ಬಂದಿತ್ತು ಮಗ. ಅವ್ರಮ್ಮ ಎಂಗಿದ್ಳು ಅಂತ ಕೇಳ್ತು, ಯೋಳ್ದೆ.” “ಇನ್ನೇನು ಹೇಳಿದೆ?” “ಯೋಳೋಕೆ ಇನ್ನೇನೈತೆ ತಾಯಿ?” ಎಂದು ನನ್ನ ಮುಖವನ್ನೇ ನೋಡಿದಳು. ಯುಗಾದಿಗೆ ನೀನು ನಮ್ಮ ಮನೆಯಲ್ಲಿದ್ದೆ. ಮಿಡಿಗೇಶಿಗೆ ಹೋಗಿದ್ದನ್ನು ನನಗೇಕೆ ಹೇಳಲಿಲ್ಲ? ಬೆಟ್ಟದ ಕೋಟೆಯ ಫೋಟೋ ತೆಗೆಯಲು ಹೋಗುತ್ತೇನೆ ಎಂದಿದ್ದೆ ನೀನು. ಫೋಟೋ ಎಲ್ಲಿ?

ನಿಮ್ಮಪ್ಪನ ಮೇಲೂ ಅನುಮಾನ ಬಂತು. ಭಾವನಿಗೆ ಫೋನ್ ಮಾಡಿದರೆ, “ಸಿನಿಮಾ ನೋಡೋ ಧೈರ್ಯ ನಂಗಿಲ್ಲ ಪುಷ್ಪಾ” ಎಂದರು. ಯಾಕೆ ಧೈರ್ಯವಿಲ್ಲ? ಈಗ ಯಾರು ಏನು ಹೇಳಿದರೂ ಅದರಡಿಯಲ್ಲಿ ಇನ್ನೊಂದು ಮಾತಿದೆ ಎನ್ನಿಸುತ್ತದೆ.

ಸಿನಿಮಾ ಚೆನ್ನಾಗಿದೆ ಮಗಳೇ. ಮಂಡಿಯವನ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. ದಾದಿಯ ಪಾತ್ರ ಮಾಡಿದವಳು ನಡೆಯುವುದೂ ನನ್ನ ಹಾಗೇ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೂದಲು ಒಣಗಿಸದೆ ಹೊರಗೆ ಹೋಗಬೇಡ. ಸಿದ್ಧರಬೆಟ್ಟದ ಸ್ವಾಮಿ ನಿನ್ನ ಕೈ ಹಿಡಿದು ನಡೆಸಲಿ, ಮುಂದಿನ ಸಿನಿಮಾಕ್ಕೆ ಮಂಡಿಯವನೂ ಎದ್ದು ನಿಂತು ಚಪ್ಪಾಳೆ ತಟ್ಟಲಿ.

ನಿನ್ನನ್ನು ಸಾಕಿದ
ಚಿಕ್ಕಮ್ಮ ಪುಷ್ಪಾವತಿ

ಮರೆತ ಮಾತು: ಮರೆತದ್ದಲ್ಲ. ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಅಕ್ಕನದು ಬಿ ನೆಗೆಟಿವ್, ನನ್ನದೂ ಅದೇ. ನೀನು ಹುಟ್ಟಿದ ದಿನ ಅವಳಿಗೆ ರಕ್ತಸ್ರಾವ ನಿಲ್ಲಲಿಲ್ಲ, ನಿಮ್ಮಪ್ಪ ರಕ್ತ ತರಲು ಜೀಪಿನಲ್ಲಿ ತುಮಕೂರಿಗೆ ಹೋಗಿದ್ದರು. ಡಾಕ್ಟರು ವಾರ್ಡಿನಲ್ಲಿದ್ದವರನ್ನೆಲ್ಲ ಅವರವರ ಗುಂಪು ಕೇಳಿದರು. ನಾನು ಬೇರೆ ಗುಂಪು ಹೇಳಿದೆ. ನನ್ನ ಮೈಗೆ ಸೂಜಿ ಚುಚ್ಚುವುದೆಂದರೆ ಭಯ ಮಾನಸಾ, ಇವತ್ತಿಗೂ ಭಯ. ಜೀಪು ಇನ್ನೇನು ಬಂದುಬಿಡುತ್ತದೆ ಎಂದುಕೊಂಡೆ. ಅದು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ಸುಳ್ಳು ಹೇಳಿದ್ದು ಅಲ್ಲಿ ಒಬ್ಬಳಿಗೆ ಮಾತ್ರ ಗೊತ್ತಾಯಿತು. ಅಕ್ಕನಿಗೆ ಎಚ್ಚರವಿತ್ತು, ನಮ್ಮಿಬ್ಬರದೂ ಒಂದೇ ಗುಂಪೆಂದು ಅವಳಿಗೆ ಗೊತ್ತಿತ್ತು. ಡಾಕ್ಟರಿಗೆ ಅವಳು ಏನೂ ಹೇಳಲಿಲ್ಲ. ನನ್ನನ್ನು ಹತ್ತಿರ ಕರೆದು, “ಮಗೂನ ನೀನೇ ನೋಡ್ಕೊ ಕಣೆ” ಎಂದಳು.