ಜಾಗ ಬದಲಿಸಿದ ಕುರ್ಚಿ

ಪಾಪಕುರಾ, ಭಾನುವಾರ

ಪ್ರೀತಿಯ ಮೌಳಿ ಅಣ್ಣ,

ಗೋದಾಮಿನಲ್ಲಿ ಸಾಮಾನು ಸಾಗಿಸುವ ರೋಬೋಟಿಗೆ ದಾರಿ ಕಲಿಸುವುದು ಈಗ ನನ್ನ ಕೆಲಸ. ಮೊನ್ನೆ ಯಾರೋ ಅದರ ದಾರಿಗೆ ಪೆಟ್ಟಿಗೆಯೊಂದನ್ನು ಅಡ್ಡ ಇಟ್ಟಿದ್ದರು. ಹಳೆಯ ನಕ್ಷೆಯನ್ನೇ ನಂಬಿದ ಅದು ಮತ್ತೆ ಮತ್ತೆ ಹೋಗಿ ಗುದ್ದಿಕೊಂಡಿತು. ನನಗೆ ನಮ್ಮ ಮೈಸೂರಿನ ಹಜಾರ ನೆನಪಾಯಿತು. ಕಣ್ಣು ಕಾಣದ ನೀನು, ಅಮ್ಮ ಸರಿಸಿಟ್ಟ ಕುರ್ಚಿಗೆ ಎಡವಿ, "ನಿನ್ನೇದು ನಿನ್ನೆಗಾಯ್ತು, ಇವತ್ತಿಂದನ್ನ ಇವತ್ತೇ ಮುಟ್ಟಿ ನೋಡ್ಬೇಕು ಕಣೇ" ಎಂದು ನಕ್ಕಿದ್ದೆ. ಅದನ್ನೇ ರೋಬೋಟಿಗೆ ಕಲಿಸಿದೆ. ಈಗ ಪೆಟ್ಟಿಗೆಯನ್ನು ಸುತ್ತಿಕೊಂಡು ಹೋಗುತ್ತದೆ.

ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಮನೆ ಎಂದು ಇಲ್ಲಿಗೆ ಬರಲು ಹಿಂಜರಿಯಬೇಡ. ನಿನ್ನ ಮಂಚವನ್ನು ಯಾವ ಗೋಡೆಗೆ ಹಾಕಲಿ, ತಿಳಿಸು. ನಾನಿಲ್ಲಿಗೆ ಬಂದು ಇಷ್ಟು ವರ್ಷವಾದರೂ ಕತ್ತಲಾದರೆ, ಬಲಗಡೆಯಿರುವ ಸ್ವಿಚ್ಚಿಗಾಗಿ ನನ್ನ ಕೈ ಎಡಗಡೆಗೇ ಹೋಗುತ್ತದೆ, ಮೈಸೂರಿನ ಮನೆಯಲ್ಲಿದ್ದ ಹಾಗೆ.

ನಿನ್ನ ದಾರಿ ಕಾಯುವ ತಂಗಿ,
ಕಾತ್ಯಾಯಿನಿ