ನಾಲ್ಕು ಬೆರಳಿನ ಅಂತರ

ಬಸವನ ಬಾಗೇವಾಡಿ
ಗುರುವಾರ

ಪೂಜ್ಯ ಪಂಢರಿನಾಥ ಸರ್ ಅವರಿಗೆ,

ನಿಮ್ಮ ಕುಂಗ್‌ಫು ಕ್ಲಾಸಿನಲ್ಲಿ ಏಳು ವರ್ಷ ಎಲ್ಲರ ಮುಷ್ಟಿಯೂ ಎದುರಿನವರ ಮುಖಕ್ಕೆ ನಾಲ್ಕು ಬೆರಳು ದೂರದಲ್ಲೇ ನಿಲ್ಲುತ್ತಿತ್ತು. "ಮೂಗು ಮುರದ್ರ ಲಗ್ನ ಆಗೂದ ಹ್ಯಾಂಗವಾ?" ಎನ್ನುತ್ತಿದ್ದಿರಿ. ಬ್ಲ್ಯಾಕ್ ಬೆಲ್ಟನ್ನೂ ಕೊಟ್ಟಿರಿ.

ಮೊನ್ನೆ ಬಾಕ್ಸಿಂಗ್ ಕಲಿಯಲು ಮುದ್ದೇಬಿಹಾಳಕ್ಕೆ ಹೋದೆ. ಎದುರಿನ ಮುಷ್ಟಿ ತಾನಾಗಿಯೇ ನಿಲ್ಲುತ್ತದೆಂದು ಕೈ ಎತ್ತದೆ ಕಾದೆ. ಮೂಗಿನಿಂದ ರಕ್ತ ಸುರಿಯಿತು.

ಗುದ್ದಿದವಳು ನಿಮ್ಮ ಮಗಳು ವಸುಧಾ. ಅವಳನ್ನು ಅಜ್ಜಿಯ ಮನೆಯಲ್ಲಿಟ್ಟು, ಮೂರು ವರ್ಷದಿಂದ ನೀವೇ ಬಾಕ್ಸಿಂಗಿಗೆ ಕಳಿಸುತ್ತಿದ್ದೀರಂತೆ.

ಬೆಲ್ಟನ್ನು ಇದರೊಂದಿಗೆ ಕಳಿಸಿದ್ದೇನೆ. ಕ್ಲಾಸಿನ ಬೋರ್ಡಿನಿಂದ ನನ್ನ ಫೋಟೋ ತೆಗೆಸಿರಿ.

ವಸುಧಾಳ ಮೂಗು ಎರಡು ಸಲ ಮುರಿದಿದೆಯಂತೆ. ಲಗ್ನ ಗೊತ್ತಾದರೆ ತಿಳಿಸಿರಿ, ಬರುತ್ತೇನೆ.

ನಿಮ್ಮ ಶಿಷ್ಯೆಯಾಗಿದ್ದ
ವಿದ್ಯಾವತಿ